ಕರೆಯದೆ ಹೋಗುವುದು ಹೇಗೆ

ಐರ್ಲೆಂಡ್
17 ಜನವರಿ 2024

ಪ್ರೀತಿಯ ಇವರಿಗೆ,

ಹೆಸರು ಬರೆಯಲು ಇನ್ನೂ ಸಂಕೋಚವಾಗುತ್ತದೆ. ಮದುವೆಯಲ್ಲಿ ಬಾಗಿಲು ತಡೆದು ಒಡಪು ಹೇಳಿಸಿದಾಗ ಒಮ್ಮೆ ನಿಮ್ಮ ಹೆಸರು ಹೇಳಿದ್ದೆ. ಈಗ ಪಾಕೀಟಿನ ಮೇಲೆ ಬರೆಯಬೇಕಾಯಿತು. ವಿಜಯಮಹಾಂತೇಶ ಎಂದು ಇಂಗ್ಲಿಷಿನಲ್ಲಿ ಬರೆದು ಮುಗಿಸುವಷ್ಟರಲ್ಲಿ ಪಾಕೀಟೇ ತುಂಬಿತು, ಬ್ಯಾಡಗಿಗೆ ಜಾಗ ಉಳಿಯಲಿಲ್ಲ.

ಭಾನುವಾರದ ಜಗಳ ನನ್ನ ತಲೆಯಿಂದ ಇಳಿದಿಲ್ಲ. ಶುರುವಾದದ್ದು ಬಾಡಿಗೆಯ ಮಾತಿನಿಂದ. "ನಿನ್ನ ಪಗಾರದ ಮ್ಯಾಲೆ ಕುಂತು ಉಣ್ಣಾಕ ಬರ್ಲೇನು?" ಎಂದಿರಿ. ನಾನೂ ಏನೋ ಅಂದೆ. ಫೋನು ಕಟ್ಟಾಯಿತು. ನೀವು ಇಟ್ಟಿರೋ ನಾನು ಇಟ್ಟೆನೋ ಗೊತ್ತಿಲ್ಲ.

ಮದುವೆಯಾಗಿ ಎಂಟು ತಿಂಗಳಿಗೆ ನರ್ಸ್ ಕೆಲಸಕ್ಕೆಂದು ನಾನು ಇಲ್ಲಿಗೆ ಬಂದೆ. ಬಂದು ವರ್ಷವಾಗುತ್ತ ಬಂತು. ಈ ವರ್ಷ ನಾವು ಜಗಳವಾಡಿದ್ದೆಲ್ಲ ದುಡ್ಡಿನ ಮಾತಿಗೇ. ಅದಕ್ಕೆ ಒಂದು ಕರಾರು ಮಾಡಿಕೊಳ್ಳೋಣ. ಫೋನಿನಲ್ಲಿ ಊಟ, ನಿದ್ದೆ, ಅತ್ತೆಯವರ ಮಂಡಿನೋವು, ಅಷ್ಟೇ. ದುಡ್ಡಿನ ಮಾತು ಏನಿದ್ದರೂ ಕಾಗದದಲ್ಲಿ. ಅಂಚೆಯಲ್ಲಿ ಮುಟ್ಟಲು ಎರಡು ವಾರ ಬೇಕು. ಅಷ್ಟರಲ್ಲಿ ಬರೆದವರ ಸಿಟ್ಟಾದರೂ ಇಳಿದಿರುತ್ತದೆ.

ಲೆಕ್ಕ ಹೀಗಿದೆ. ನನ್ನ ಕೈಗೆ ಬರುವ ಪಗಾರ ತಿಂಗಳಿಗೆ ಎರಡು ಸಾವಿರದ ಮುನ್ನೂರೈವತ್ತು ಯೂರೋ. ಈಗ ನಾವು ಐವರು ನರ್ಸುಗಳು ಒಂದೇ ಮನೆಯಲ್ಲಿದ್ದೇವೆ, ಉಳಿದ ನಾಲ್ವರೂ ಕೇರಳದವರು. ನನ್ನ ಪಾಲಿನ ಬಾಡಿಗೆ, ಊಟ, ಬಸ್ಸು ಎಲ್ಲ ಕಳೆದು ಸಾವಿರದೈನೂರು ಉಳಿಯುತ್ತದೆ. ಆದರೆ ಈ ಮನೆಗೆ ಗಂಡಂದಿರನ್ನು ಸೇರಿಸುವಂತಿಲ್ಲ. ನೀವು ಬಂದರೆ ಬೇರೆ ಮನೆ ಹಿಡಿಯಬೇಕು. ಇಷ್ಟು ಸಣ್ಣ ಊರಿನಲ್ಲಿಯೂ ಸಾವಿರದಿನ್ನೂರರ ಒಳಗೆ ಮನೆ ಸಿಗುವುದು ಕಷ್ಟ. ಚಳಿಗಾಲದಲ್ಲಿ ಮನೆ ಬೆಚ್ಚಗಿಡುವ ಖರ್ಚು ಬೇರೆ. ಇಬ್ಬರ ಊಟ, ಓಡಾಟ ಸೇರಿದರೆ ತಿಂಗಳ ಕೊನೆಗೆ ಉಳಿಯುವುದು ಮುನ್ನೂರೋ ಮುನ್ನೂರೈವತ್ತೋ. ಅದೂ ಯಾರಿಗೂ ಜ್ವರ ಬರದಿದ್ದರೆ.

ನಿಮಗೆ ಇಲ್ಲಿ ಕೆಲಸ ಮಾಡಲು ಅನುಮತಿ ಸಿಗುತ್ತದೆ. ಎಂಥ ಕೆಲಸ, ಎಷ್ಟು ದಿನಕ್ಕೆ, ಅದು ನನಗೂ ಗೊತ್ತಿಲ್ಲ. ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದೇನೆ. ತೀರ್ಮಾನ ನಿಮ್ಮದು.

ಇಲ್ಲಿ ಮಧ್ಯಾಹ್ನ ನಾಲ್ಕಕ್ಕೇ ಕತ್ತಲಾಗುತ್ತದೆ. ಅಂಗಡಿಯಲ್ಲಿ ಊಟ ತಪ್ಪಿಸಬೇಡಿ.

ನಿಮ್ಮ
ಸುಚಿತ್ರಾ

*

ಬ್ಯಾಡಗಿ
11 ಫೆಬ್ರವರಿ 2024

ಸುಚಿತ್ರಾ,

ಪೋಸ್ಟಮನ್ ನಿನ್ನ ಕಾಗದವನ್ನು ಮೋಟೆಬೆನ್ನೂರಿನ ಅಂಗಡಿಗೇ ತಂದುಕೊಟ್ಟ. ದಾದಾಪೀರ ನೀರಿನ ಹಬೆ ಹಿಡಿದು ಅದರ ಸ್ಟಾಂಪು ಬಿಡಿಸಿಕೊಂಡು ಮಗಳಿಗೆ ಒಯ್ದ. ಹತ್ತು ವರ್ಷದಿಂದ ನನ್ನ ಪಕ್ಕ ಕೂತು ಸುಟ್ಟ ಮೋಟಾರಿಗೆ ತಂತಿ ಸುತ್ತುತ್ತಿರುವವನು, ಸ್ಟಾಂಪು ಕೊಡುವುದಿಲ್ಲ ಎನ್ನಲು ಬಾಯಿ ಬರಲಿಲ್ಲ.

ನಿನ್ನ ಕರಾರಿಗೆ ಒಪ್ಪಿಗೆ ಇದೆ. ನನ್ನ ಲೆಕ್ಕವನ್ನೂ ಕೇಳು. ಬೇಸಿಗೆಯಲ್ಲಿ ಬೋರಿನ ಮೋಟಾರುಗಳು ಸುಟ್ಟು ಬರುತ್ತವೆ, ನನ್ನ ಪಾಲಿಗೆ ತಿಂಗಳಿಗೆ ಐವತ್ತು ಸಾವಿರ ಸಿಕ್ಕಿದ್ದೂ ಉಂಟು. ಮಳೆ ಹಿಡಿದರೆ ಹದಿನೈದೂ ಕಾಣುವುದಿಲ್ಲ. ಆದರೆ ಇಲ್ಲಿ ಮನೆ ಸ್ವಂತದ್ದು. ಅವ್ವನ ರೊಟ್ಟಿ ವ್ಯಾಪಾರವೂ ನಡೆದಿದೆ. ಹೊಟ್ಟೆ ಬಟ್ಟೆಗೆ ಕೊರತೆಯಿಲ್ಲ.

ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿ ಇಟ್ಟಿರುವ ಸುನೀಲಕುಮಾರನ ಭಾವ ನಿಮ್ಮ ದೇಶದಲ್ಲೇ ಇದ್ದಾನಂತೆ. ಗೋಡೌನಿನಲ್ಲಿ ಡಬ್ಬ ತುಂಬುವ ಕೆಲಸ, ಗಂಟೆಗೆ ಹನ್ನೆರಡೂ ಮುಕ್ಕಾಲು ಯೂರೋ. ಅದನ್ನು ಕೇಳಿ ಬಸ್ಸಿನಲ್ಲಿ ಬರುವಾಗ, ಯೂರೋಗೆ ತೊಂಬತ್ತು ರೂಪಾಯಿ ಎಂದು, ತೊಂಬತ್ತರಿಂದ ಗುಣಿಸಿದೆ. ಮೋಟೆಬೆನ್ನೂರು ದಾಟುವಷ್ಟರಲ್ಲಿ ಸಾಹುಕಾರನಾಗಿದ್ದೆ. ಮನೆಗೆ ಬಂದು ನಿನ್ನ ಬಾಡಿಗೆಯನ್ನೂ ತೊಂಬತ್ತರಿಂದ ಗುಣಿಸಿದೆ, ಊಟ ಸೇರಲಿಲ್ಲ.

ಈಗ ಮೆಣಸಿನಕಾಯಿ ಸೀಜನ್. ಮಾರ್ಕೆಟ್ಟಿನ ಕಡೆ ಹೋದವರೆಲ್ಲ ಸೀನುತ್ತಾ ಬರುತ್ತಾರೆ. ಚಹಾದ ಅಂಗಡಿಯಲ್ಲಿ ನಾನೇ ಎಲ್ಲರಿಗೂ ತಮಾಷೆಯ ವಸ್ತು. "ಏನ ಮಾಂತೇಶಣ್ಣಾ, ನಡಿಯಾಕ ಯಾವಾಗ ಹೊಂಟಿ? ಉಡಿ ತುಂಬಾಕ ನಾವು ಬರ್ತೇವಿ" ಎನ್ನುತ್ತಾರೆ. ಹೊಸ ಮದುವಣಗಿತ್ತಿ ಬಾಳಲೆಂದು ಗಂಡನ ಮನೆಗೆ ಹೋಗುವುದಕ್ಕೆ ಹೇಳುವ ಮಾತು ಅದು, ನನಗೆ ಹಚ್ಚಿದ್ದಾರೆ. ನಾನೂ ನಕ್ಕೆ.

ನಿನ್ನ ಲೆಕ್ಕ ಸರಿಯಾಗಿದೆ. ಇನ್ನೆರಡು ವರ್ಷ ಹೀಗೇ ಇದ್ದರೆ ಹಾವೇರಿಯಲ್ಲಿ ಒಂದು ಸೈಟ್ ಆಗುತ್ತದೆ. ಅವ್ವನನ್ನು ಒಬ್ಬಳನ್ನೇ ಬಿಟ್ಟು ಬರುವುದೂ ಸರಿ ಕಾಣುವುದಿಲ್ಲ. ನೀನು ಹೇಗೆ ಅನ್ನುತ್ತೀಯೋ ಹಾಗೆ.

ಕತ್ತಲಾದ ಮೇಲೆ ಒಬ್ಬಳೇ ಬಸ್ಸಿಗೆ ನಿಲ್ಲಬೇಡ.

ವಿಜಯಮಹಾಂತೇಶ

*

ಐರ್ಲೆಂಡ್
2 ಏಪ್ರಿಲ್ 2024

ಪ್ರೀತಿಯ ಇವರಿಗೆ,

ಸೈಟಿನ ವಿಚಾರ ಒಳ್ಳೆಯದೇ. ಬೇಡ ಅನ್ನಲು ನನ್ನಲ್ಲಿ ಯಾವ ಲೆಕ್ಕವೂ ಇಲ್ಲ.

ನೀವು ತೊಂಬತ್ತರಿಂದ ಗುಣಿಸುತ್ತೀರಿ, ನಾನು ಮೋಟಾರಿನಿಂದ ಭಾಗಿಸುತ್ತೇನೆ. ಒಂದು ಮೋಟಾರು ಸುತ್ತಿದರೆ ನಿಮಗೆ ಏನು ಉಳಿಯುತ್ತದೆ ಎಂದು ನನಗೆ ಗೊತ್ತಲ್ಲ. ಚಳಿಯ ಕೋಟು ನಾಲ್ಕು ಮೋಟಾರು. ತಲೆಗೂದಲು ಕತ್ತರಿಸಿಕೊಂಡದ್ದು ಒಂದು ಮೋಟಾರು. ನೀವು ಎರಡು ದಿನ ಬಗ್ಗಿ ಕೂತು ಸುತ್ತಿದ್ದನ್ನು ಆ ಪಾರ್ಲರಿನವಳು ಹತ್ತು ನಿಮಿಷದಲ್ಲಿ ಕತ್ತರಿಸಿ ಕಸಕ್ಕೆ ಗುಡಿಸಿದಳು ಎಂದು ಹೊಟ್ಟೆ ಉರಿಯಿತು. ಅಲ್ಲಿಂದ ಈಚೆಗೆ ಜಡೆ ಹಾಕಿಕೊಂಡೇ ಡ್ಯೂಟಿಗೆ ಹೋಗುತ್ತಿದ್ದೇನೆ.

ನಾನು ನೋಡಿಕೊಳ್ಳುವ ಮುದುಕ ಮುದುಕಿಯರಲ್ಲಿ ನೋರಾ ಎಂಬ ಅಜ್ಜಿ ಇದ್ದಾಳೆ. ಅವಳಿಗೆ ನೆನಪು ನಿಲ್ಲುವುದಿಲ್ಲ. ಬೆಳಿಗ್ಗೆ ಮಾತ್ರೆ ಕೊಡಲು ಹೋದಾಗಲೆಲ್ಲ, "ನಿನ್ನ ಗಂಡ ಬಂದನೇ?" ಎಂದು ಕೇಳುತ್ತಾಳೆ. ಇನ್ನೂ ಇಲ್ಲ ಎಂದರೆ, ಆಗಷ್ಟೇ ಆ ಸುದ್ದಿ ಕೇಳಿದವಳಂತೆ ಮರುಗಿ ನನ್ನ ಕೈ ಸವರುತ್ತಾಳೆ. ಮರುದಿನ ಮತ್ತೆ ಅದೇ. ಒಂದು ದಿನ ಸಾಕಾಗಿ "ಬಂದಿದ್ದಾರೆ" ಎಂದುಬಿಟ್ಟೆ. ಅವಳಿಗೆ ಬಹಳ ಖುಷಿಯಾಯಿತು. ನನಗೆ ಆ ದಿನವೆಲ್ಲ ಅಳು ಬರುವ ಹಾಗಿತ್ತು.

ಕಳೆದ ವಾರ ಒಂದು ಮನೆ ನೋಡಿದೆ. ಬೇಕರಿಯ ಮೇಲೆ ಎರಡು ಕೋಣೆ, ಸಾವಿರದ ನೂರೈವತ್ತು. ಕಿಟಕಿಯಲ್ಲಿ ನಿಂತರೆ ನದಿ ಕಾಣುತ್ತದೆ. ನಮ್ಮ ಐರಣಿಯ ತುಂಗಭದ್ರೆಯ ಮುಂದೆ ಅದು ಕಾಲುವೆ, ಆದರೂ ತವರು ನೆನಪಾಯಿತು. ಒಬ್ಬರಿಗೋ ಇಬ್ಬರಿಗೋ ಎಂದು ಮನೆಯೊಡತಿ ಕೇಳಿದಳು. ಸುಮ್ಮನೆ ನೋಡಲು ಬಂದೆ ಎಂದೆ.

ಬೇಸಿಗೆ ಜೋರಾಗಿರಬಹುದು. ಮಜ್ಜಿಗೆ ಕುಡಿಯಿರಿ.

ನಿಮ್ಮ
ಸುಚಿತ್ರಾ

*

ಬ್ಯಾಡಗಿ
20 ಜೂನ್ 2024

ಸುಚಿತ್ರಾ,

ಬೇಸಿಗೆಯಲ್ಲಿ ಉಸಿರಾಡಲು ಬಿಡುವಿರಲಿಲ್ಲ, ಬರೆಯುವುದು ತಡವಾಯಿತು. ಈಗ ಮಳೆ ಬಿದ್ದು ಅಂಗಡಿಯಲ್ಲಿ ನೊಣ ಹೊಡೆಯುತ್ತಾ ಕೂತಿದ್ದೇವೆ.

ಸುಮ್ಮನೆ ಕೂರುವ ಬದಲು ರಾಣೆಬೆನ್ನೂರಿನಲ್ಲಿ ಇಂಗ್ಲಿಷ್ ಕ್ಲಾಸಿಗೆ ಸೇರಿದ್ದೇನೆ. ಕ್ಲಾಸಿನಲ್ಲಿ ಎಲ್ಲರೂ ಕಾಲೇಜು ಹುಡುಗಿಯರು. ಸರ್ ನನ್ನನ್ನು ಅಂಕಲ್ ಎನ್ನುತ್ತಾರೆ, ಅವರಿಗಿಂತ ನಾನು ಎರಡು ವರ್ಷ ಚಿಕ್ಕವನು. ಮೊನ್ನೆ ಎದ್ದು ನಿಂತು ನನ್ನ ಕುಟುಂಬದ ಬಗ್ಗೆ ಐದು ವಾಕ್ಯ ಹೇಳಬೇಕಿತ್ತು. ನನ್ನ ಹೆಂಡತಿ ನರ್ಸ್ ಎಂಬುದು ಸಲೀಸಾಗಿ ಬಂತು. ಅವಳು ದೂರ ಇದ್ದಾಳೆ ಎಂದು ಹೇಳುವಾಗ ಇಂಗ್ಲಿಷ್ ಮರೆಯಿತು. ಕೂತುಬಿಟ್ಟೆ.

ನೀನು ಕಳಿಸಿದ್ದ ಕಾಗದಪತ್ರಗಳನ್ನೆಲ್ಲ ವೀಸಾಕ್ಕೆ ಹಾಕಿದ್ದೇನೆ. ಇರಲಿ ಎಂದು, ಅಷ್ಟೇ. ದಾದಾಪೀರ ದಿನವೂ ಅದೇ ರಾಗ ಹಾಡುತ್ತಾನೆ. "ನೀ ಹೋಗೋ ಮಾರಾಯಾ, ಅಂಗಡಿ ಏನ್ ಓಡಿ ಹೊಕ್ಕೈತೇನು? ನಿನ್ನ ಪಾಲು ನಿನಗ ಕಳಸ್ತೇನಿ." ಪಾಲಿನ ಪ್ರಶ್ನೆ ಅಲ್ಲ ಎಂದೆ. ಮತ್ಯಾವುದರ ಪ್ರಶ್ನೆ ಎಂದ. ನಾನು ತಂತಿ ಸುತ್ತುತ್ತಾ ಕೂತೆ.

ಆ ಬೇಕರಿ ಮೇಲಿನ ಮನೆ ಇನ್ನೂ ಖಾಲಿ ಇದೆಯೇ? ಸುಮ್ಮನೆ ಕೇಳಿದೆ.

ನಿನ್ನ ಅಜ್ಜಿಗೆ ನನ್ನ ನಮಸ್ಕಾರ ಹೇಳು. ಬಂದಿದ್ದಾರೆ ಎಂದು ಇನ್ನೊಂದು ಸಲ ಹೇಳಿದರೆ ನನ್ನದೇನೂ ಅಭ್ಯಂತರವಿಲ್ಲ.

ವಿಜಯಮಹಾಂತೇಶ

*

ಐರ್ಲೆಂಡ್
25 ಸೆಪ್ಟೆಂಬರ್ 2024

ಪ್ರೀತಿಯ ಇವರಿಗೆ,

ಬೇಕರಿಯ ಮೇಲಿನ ಮನೆ ಜುಲೈನಲ್ಲೇ ಬೇರೆಯವರಿಗೆ ಹೋಯಿತು. ನೋರಾ ಅಜ್ಜಿ ಈಗ ನಿಮ್ಮನ್ನು ಕೇಳುವುದಿಲ್ಲ. ನನ್ನನ್ನು ತನ್ನ ಅಕ್ಕ ಎಂದುಕೊಂಡಿದ್ದಾಳೆ. ದಿನಾ ಕೇಳುವಾಗ ಬೇಸರವಾಗುತ್ತಿತ್ತು, ಕೇಳುವುದು ನಿಂತ ಮೇಲೆ ಇನ್ನೂ ಹೆಚ್ಚು ಬೇಸರವಾಗಿದೆ.

ಹೋದ ವಾರ ಫೋನಿನಲ್ಲಿ ವೀಸಾ ಬಂತು ಎಂದಿರಿ. ಛಲೋ ಆತ್ರಿ ಎಂದೆ. ನೀವು ಮುಂದೆ ಏನಾದರೂ ಹೇಳುತ್ತೀರಿ ಎಂದು ಕಾದೆ. ಊಟ ಆತೇನು ಎಂದಿರಿ. ಆಯಿತು ಎಂದೆ. ನಿಜ ಹೇಳಬೇಕೆಂದರೆ ಅವತ್ತು ಉಂಡಿರಲಿಲ್ಲ.

ಡಿಸೆಂಬರ್ ಹದಿನಾಲ್ಕರೊಳಗೆ ನೀವು ಇಲ್ಲಿ ಕಾಲಿಡದಿದ್ದರೆ ಆ ವೀಸಾ ರದ್ದಾಗುತ್ತದೆ. ಅದು ನಿಮಗೂ ಗೊತ್ತಿದೆ. ನಿಮಗೆ ಅಂಗಡಿ ಇದೆ, ಊರಿದೆ, ಅತ್ತೆ ಇದ್ದಾರೆ. ಇಲ್ಲಿ ಡಬ್ಬ ಹೊರುವ ಕೆಲಸಕ್ಕೆ ಯಾಕೆ ಬರಬೇಕು ಎಂದು ನನಗೂ ಅನ್ನಿಸುತ್ತದೆ. ಸಿಟ್ಟಿಲ್ಲ. ಬರಲು ಮನಸ್ಸಿಲ್ಲದಿದ್ದರೆ ಒಂದು ಸಾಲು ಬರೆಯಿರಿ ಸಾಕು. ನಾನು ಇದೇ ಮನೆಯಲ್ಲಿ ಇನ್ನೆರಡು ವರ್ಷ ಇರಲು ಒಪ್ಪಿಕೊಳ್ಳುತ್ತೇನೆ.

ನಿಮ್ಮ
ಸುಚಿತ್ರಾ

*

ಬ್ಯಾಡಗಿ
14 ಅಕ್ಟೋಬರ್ 2024

ಸೊಸೆ ಸುಚಿತ್ರಾಳಿಗೆ ನಿನ್ನ ಅತ್ತೆ ಶಾರದವ್ವ ಮಾಡುವ ಆಶೀರ್ವಾದಗಳು.

ನಾನು ಕಾಗದ ಬರೆದು ಎಷ್ಟೋ ವರ್ಷಗಳಾದವು. ಹೊಸರಿತ್ತಿಯ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತಿದ್ದೇನೆ, ತಪ್ಪಿದ್ದರೆ ನಗಬೇಡ. ಫೋನು ಮಾಡೋಣವೆಂದರೆ ಮಗ ಪಕ್ಕದಲ್ಲೇ ಕಿವಿ ಕೊಟ್ಟು ಕೂತಿರುತ್ತಾನೆ. ಮೊನ್ನೆ ದಸರೆಯಲ್ಲಿ ನಿನಗೆಂದು ತೆಗೆದಿಟ್ಟ ಬನ್ನಿ ಎಲೆಯನ್ನು ಈ ಕಾಗದದಲ್ಲಿ ಇಟ್ಟಿದ್ದೇನೆ, ತೆಗೆದುಕೋ.

ನಿನ್ನ ಕಾಗದ ಬಂದಾಗಿನಿಂದ ಇವನು ಉಣ್ಣುವುದು ಅರ್ಧ ರೊಟ್ಟಿ. ಉತ್ತರ ಬರೆಯಲು ಕೂರುತ್ತಾನೆ, ಏಳುತ್ತಾನೆ. ರಾಣೆಬೆನ್ನೂರಿನಿಂದ ದಪ್ಪನೆಯ ಸ್ವೆಟರ್ ತಂದಿದ್ದಾನೆ. ಈ ಸೆಕೆಯಲ್ಲಿ ಅದನ್ನು ಹಾಕಿಕೊಂಡು ಕನ್ನಡಿ ನೋಡುವುದನ್ನು ನಾನೇ ಕಂಡಿದ್ದೇನೆ. ನಿನ್ನೆ ಹಿಡಿದು ಕೂರಿಸಿ ಕೇಳಿದೆ.

"ಯಾಕ ಹೋಗವಲ್ಲಿ? ನನ್ನ ಮುಂದರ ಖರೇ ಹೇಳು."

"ಆಕಿ ಕರದಿಲ್ಲಬೇ. ಕರೀಲಾರದ ಹೆಂಗ ಹೋಗ್ಲಿ?"

"ಅಷ್ಟುದ್ದ ಲೆಕ್ಕಾ ಬರದು ಕಳಿಸ್ಯಾಳಲ್ಲೋ."

"ಲೆಕ್ಕಾ ಕಳಿಸ್ಯಾಳ. ಬರ್ರಿ ಅಂತ ಒಮ್ಮೆರ ಅಂದಿಲ್ಲ. ಜನವರ್ಯಾಗ ಜಗಳಾಡಿದಾಗ, ಹಂಗಾದ್ರ ಬರಬ್ಯಾಡ್ರಿ ಅಂದ್ಲು. ಆ ಮಾತು ಹಂಗ ನಿಂತೈತಿ."

ನೋಡು, ನಮ್ಮ ಮನೆತನಗಳಲ್ಲಿ ತವರಿಗೆ ಬಂದ ಹೆಣ್ಣುಮಗಳು ಗಂಡನ ಮನೆಯವರು ಬಂದು ಕರೆಯುವವರೆಗೆ ಹೊಸ್ತಿಲು ದಾಟುವುದಿಲ್ಲ. ನಾನು ಮದುವೆಯಾದ ವರ್ಷ ಪಂಚಮಿಗೆ ಹೊಸರಿತ್ತಿಗೆ ಹೋದವಳು ದೀಪಾವಳಿಯವರೆಗೆ ಅಲ್ಲೇ ಉಳಿದೆ. ಇವರು ಕಳಿಸಲಿ ಎಂದು ಅವರು, ಅವರು ಕರೆಯಲಿ ಎಂದು ಇವರು. ನನಗೆ ಬರಬೇಕೆಂದು ಜೀವ ಎಳೆಯುತ್ತಿತ್ತು, ಬಾಯಿ ಬಿಟ್ಟು ಹೇಳುವಂತಿರಲಿಲ್ಲ. ಕೊನೆಗೆ ನಿನ್ನ ಮಾವನವರು ಯಾರನ್ನೂ ಕೇಳದೆ ಸೈಕಲ್ ತುಳಿದುಕೊಂಡು ತಾವೇ ಬಂದರು. ನನ್ನ ಮಗ ಈಗ ಮೀಸೆ ಇರುವ ಮದುವಣಗಿತ್ತಿ ಆಗಿ ಕೂತಿದ್ದಾನೆ. ನಗು ಬರುತ್ತದೆ, ಸಂಕಟವೂ ಆಗುತ್ತದೆ.

ಅವ್ವ ಒಬ್ಬಳೇ ಆಗುತ್ತಾಳೆ ಎಂದು ಅವನು ಬರೆದಿರಬೇಕು. ನಂಬಬೇಡ. ಉಚ್ಚಂಗೆವ್ವ ಮತ್ತು ಇನ್ನೂ ಮೂವರು ಬೆಳಗಾದರೆ ರೊಟ್ಟಿ ಬಡಿಯಲು ಬರುತ್ತಾರೆ, ಸಂಜೆಯವರೆಗೆ ಮನೆ ತುಂಬ ಗಲಾಟೆ. ರಾಣೆಬೆನ್ನೂರಿನಲ್ಲಿ ಮಗಳು ನಿರ್ಮಲಾ ಇದ್ದಾಳೆ. ನನ್ನನ್ನು ನೆಪ ಮಾಡಿಕೊಂಡು ನೀವಿಬ್ಬರೂ ಹೀಗೆ ಒಣಗುವುದು ನನಗೆ ಬೇಡ.

ನಿನಗೆ ಅವನು ಬೇಕಿದ್ದರೆ ಕರಿ. ಕಾಗದದಲ್ಲಿ ಅಲ್ಲ, ಬಂದು ಕರಿ. ಬೇಡವಾಗಿದ್ದರೆ ಅದನ್ನಾದರೂ ನನಗೆ ಹೇಳು.

ಶಾರದವ್ವ

*

ಐರ್ಲೆಂಡ್
31 ಅಕ್ಟೋಬರ್ 2024

ಅತ್ತೆಯವರಿಗೆ ಸುಚಿತ್ರಾ ಮಾಡುವ ನಮಸ್ಕಾರಗಳು.

ನಿಮ್ಮ ಕಾಗದ ಓದಿ ಬಚ್ಚಲ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ. ಹೊರಗೆ ಕೇರಳದ ಹುಡುಗಿಯರು ಯಾರಿಗೆ ಏನಾಯಿತೋ ಎಂದು ಬಾಗಿಲು ಬಡಿಯುತ್ತಿದ್ದರು.

ಬರಬ್ಯಾಡ್ರಿ ಎಂದದ್ದು ನನಗೆ ನೆನಪೇ ಇರಲಿಲ್ಲ ಅತ್ತೀ. ಸಿಟ್ಟಿನಲ್ಲಿ ಬಾಯಿಗೆ ಬಂದ ಮಾತು. ಅವರು ಅದನ್ನು ಇಷ್ಟು ತಿಂಗಳು ಎದೆಯಲ್ಲಿ ಇಟ್ಟುಕೊಂಡು ತಿರುಗಿದ್ದಾರೆ. ಬರ್ರಿ ಎನ್ನಲು ನನಗೆ ಹೆದರಿಕೆ ಇತ್ತು. ನಾನು ಕರೆದು, ಅವರು ಅಂಗಡಿ ಬಿಟ್ಟು ಬಂದು, ಇಲ್ಲಿ ಚಳಿಯಲ್ಲಿ ಡಬ್ಬ ಹೊರುತ್ತಾ ನಿಂತರೆ ನಾನು ಹೇಗೆ ನೋಡಲಿ? ತಾವಾಗಿಯೇ ಬಂದರೆ ಆ ನೋವು ನನ್ನಿಂದ ಆದದ್ದಲ್ಲ ಎಂದುಕೊಳ್ಳಬಹುದಿತ್ತು. ಅದಕ್ಕೇ ಲೆಕ್ಕ ಬರೆದು ತೀರ್ಮಾನ ನಿಮ್ಮದು ಎಂದೆ. ಹೆಂಡತಿ ಕರೆಯುವುದು ಹುಕುಂ ಮಾಡಿದ ಹಾಗೆ ಆದೀತು ಎಂಬ ಅಳುಕೂ ಇತ್ತು.

ಇವತ್ತೂ ಲೆಕ್ಕ ಹಾಕಿದೆ, ಚಟ ಬಿಡುವುದಿಲ್ಲ. ನನ್ನ ಹೋಗಿ ಬರುವ ವಿಮಾನದ ಟಿಕೆಟ್ಟು, ರಜೆಯ ದಿನಗಳಲ್ಲಿ ಕೈತಪ್ಪುವ ಪಗಾರ, ಹೊಸ ಮನೆಯ ಮುಂಗಡ ಎಲ್ಲ ಸೇರಿದರೆ ಸೈಟಿಗೆಂದು ಇಟ್ಟಿದ್ದರಲ್ಲಿ ದೊಡ್ಡ ಪಾಲು ಹೋಗುತ್ತದೆ. ಅವರೊಬ್ಬರೇ ಬಂದಿದ್ದರೆ ಇದರ ಅರ್ಧದಲ್ಲಿ ಮುಗಿಯುತ್ತಿತ್ತು. ಬುದ್ಧಿ ಇದ್ದವರು ಯಾರೂ ಇದನ್ನು ಮಾಡುವುದಿಲ್ಲ.

ಆದರೆ ನನಗೆ ಅವರು ಬೇಕು. ಇದನ್ನು ಅವರ ತಾಯಿಯ ಮುಂದೆ ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳಿದ್ದೇನೆ. ಮನೆಗೆ ಮುಂಗಡ ಕೊಟ್ಟು ಬಂದೆ. ಇದು ಬೇಕರಿಯ ಮೇಲಿಲ್ಲ, ನದಿಯೂ ಕಾಣುವುದಿಲ್ಲ, ಬಸ್ ಡಿಪೋದ ಹಿಂದೆ ಇದೆ. ಒಬ್ಬರಿಗೋ ಇಬ್ಬರಿಗೋ ಎಂದು ಕೇಳಿದರು. ಇಬ್ಬರಿಗೆ ಎಂದೆ.

ಬರುವ ತಿಂಗಳ ಇಪ್ಪತ್ತೆರಡಕ್ಕೆ ಊರಲ್ಲಿರುತ್ತೇನೆ. ಅವರಿಗೆ ಹೇಳಬೇಡಿರಿ.

ನಿಮ್ಮ ಸೊಸೆ
ಸುಚಿತ್ರಾ

*

ಐರ್ಲೆಂಡ್
20 ಫೆಬ್ರವರಿ 2025

ಪ್ರೀತಿಯ ದಾದಾಪೀರ,

ಸ್ಟಾಂಪು ನಿನ್ನ ಮಗಳಿಗೆ, ಕಾಗದ ನಿನಗೆ. ಸುಚಿತ್ರಾ ನನ್ನನ್ನು ಕರೆಯಲು ಬಂದ ದಿನ ನೀನು ಹಾವೇರಿಯ ಕಡೆ ಯಾರದೋ ಬೋರಿನ ಮೋಟಾರು ಎತ್ತಿಸಲು ಹೋಗಿದ್ದೆ. ಆಮೇಲೆ ಹೊರಡುವ ಗಡಿಬಿಡಿಯಲ್ಲಿ ನಿನಗೆ ಪೂರ್ತಿ ಹೇಳಲು ಆಗಲಿಲ್ಲ. ಚಹಾದ ಅಂಗಡಿಯವರು ಹೇಳಿದ್ದನ್ನೆಲ್ಲ ನಂಬಬೇಡ.

ನಾನು ಊಟಕ್ಕೆ ಕೂತಿದ್ದೆ. ಹೊರಗೆ ಆಟೋ ನಿಂತಿತು. ನೋಡಿದರೆ ಇವಳು, ತಲೆ ತುಂಬ ಸೆರಗು ಹೊದ್ದು, ಕೈಯಲ್ಲಿ ಬಿಸ್ಕೀಟಿನ ದೊಡ್ಡ ಡಬ್ಬ ಹಿಡಿದು ಹೊಸ್ತಿಲ ಆಚೆ ನಿಂತಿದ್ದಾಳೆ. ತುತ್ತು ನನ್ನ ಕೈಯಲ್ಲೇ ಉಳಿಯಿತು. ಅವಳು ನನ್ನ ಕಡೆ ನೋಡಲೂ ಇಲ್ಲ.

"ಅತ್ತೀ, ನಿಮ್ಮ ಮಗನ್ನ ಕರಿಯಾಕ ಬಂದೇನ್ರಿ. ಕಳಿಸಿಕೊಡ್ರಿ" ಎಂದಳು.

ಅವ್ವ ಸೆರಗು ಸರಿ ಮಾಡಿಕೊಂಡು, ಗೊತ್ತೇ ಇಲ್ಲದವಳ ಹಾಗೆ ಗತ್ತಿನಿಂದ ಎದ್ದಳು. "ಬರ್ರಿ, ಕುಂದ್ರಿ. ಕಾಲಿಗೆ ನೀರು ಕೊಡ್ತೇವಿ. ಹಂಗ ಬಂದ ಕೂಡಲೇ ಕಳಸಾಕ ಬರೂದಿಲ್ಲ, ಇವತ್ತ ಶುಕ್ರವಾರ. ನಮ್ಮ ಹುಡುಗನ್ನ ಒಂದು ಮಾತು ಕೇಳಬೇಕು." ರೊಟ್ಟಿ ಬಡಿಯುತ್ತಿದ್ದ ಉಚ್ಚಂಗೆವ್ವ ನಕ್ಕೂ ನಕ್ಕೂ ಹಿಟ್ಟಿನ ಕೈಯಿಂದ ಮುಖ ಮುಚ್ಚಿಕೊಂಡಳು. ಅವ್ವ ನನ್ನ ಕಡೆ ತಿರುಗಿ, "ಏನಪಾ, ಹೊಕ್ಕಿ ಏನು?" ಎಂದಳು. ಎಲ್ಲರೂ ನನ್ನನ್ನೇ ನೋಡಿದರು. ಕರೆದಿದ್ದಾರಲ್ಲ, ಹೋಗುತ್ತೇನೆ ಎನ್ನಬೇಕೆಂದಿದ್ದೆ. ಬರೀ ಹೂಂ ಎಂದು ತಲೆ ಆಡಿಸಿದೆ. ಆಗ ಸುಚಿತ್ರಾ ನನ್ನ ಕಡೆ ನೋಡಿದಳು. ಅವಳ ಕಣ್ಣೂ ಒದ್ದೆಯಾಗಿತ್ತು ದಾದಾ. ಅಷ್ಟು ದೂರದಿಂದ, ಅಷ್ಟು ದುಡ್ಡು ಸುರಿದು, ನನ್ನಂಥವನನ್ನು ಕರೆಯಲು ಒಬ್ಬರು ಬರುತ್ತಾರೆ ಎಂದು ನಾನು ಅಂದುಕೊಂಡಿರಲಿಲ್ಲ.

ಇಲ್ಲಿಯ ಸುದ್ದಿ. ಸುಟ್ಟ ಮೋಟಾರನ್ನು ಇಲ್ಲಿ ಎಸೆದು ಹೊಸದು ತರುತ್ತಾರೆ. ಸುತ್ತುವವನ ಕೆಲಸವೇ ಇಲ್ಲ. ಮೊದಲ ಒಂದೂವರೆ ತಿಂಗಳು ಹೆಂಡತಿಯ ಪಗಾರದ ಮೇಲೆ ಕೂತು ಉಂಡೆ. ಯಾವುದಕ್ಕೆ ಅಷ್ಟು ಜಗಳವಾಡಿದ್ದೆನೋ ಅದನ್ನೇ ಮಾಡಿದೆ. ದಿನಾ ಅಡುಗೆ ನಂದೇ, ಬಟ್ಟೆ ಒಗೆಯುವುದೂ ನಂದೇ. ಬಸ್ಸಿಗೆ ದುಡ್ಡು ಕೇಳುವುದು ಹೇಗೆ ಎಂದು ಹಿಂಜರಿಯುತ್ತಿದ್ದೆ. ನಾನು ಕೇಳುವ ಮೊದಲೇ ಕೋಟಿನ ಜೇಬಿನಲ್ಲಿ ಪಾಸು ಇಟ್ಟಿದ್ದಳು. ಈಗ ಗೋಡೌನಿನಲ್ಲಿ ಕೆಲಸ ಸಿಕ್ಕಿದೆ, ಗಂಟೆಗೆ ಹದಿಮೂರೂವರೆ. ವಾರಕ್ಕೆ ಮೂರು ದಿನ ಕರೆಯುತ್ತಾರೆ, ಕೆಲವು ವಾರ ಅದೂ ಇಲ್ಲ. ತಿಂಗಳ ಕೊನೆಗೆ ಇಬ್ಬರೂ ಕೂತು ಬಿಲ್ಲುಗಳನ್ನು ನೋಡಿ ನಿಟ್ಟುಸಿರು ಬಿಡುತ್ತೇವೆ. ಸೈಟಿನ ಸುದ್ದಿ ಸದ್ಯಕ್ಕೆ ತೆಗೆಯಬೇಡ.

ಕೆಲಸವಿಲ್ಲದ ದಿನ ಮನಸ್ಸು ಕುಗ್ಗುತ್ತದೆ. ನಿನ್ನ ಮುಂದೆ ಮುಚ್ಚಿಡುವುದು ಏನು? ಆದರೆ ಸಂಜೆ ಬಸ್ ಡಿಪೋದ ಕಡೆಯಿಂದ ಇವಳು ನಡೆದು ಬರುವುದು ಕಿಟಕಿಯಲ್ಲಿ ಕಾಣುತ್ತದೆ. ಅನ್ನಕ್ಕೆ ಇಡಲು ಓಡುತ್ತೇನೆ.

ನಿನ್ನ
ಮಾಂತೇಶ

*

ಬ್ಯಾಡಗಿ
16 ಮಾರ್ಚ್ 2025

ಸುಚಿತ್ರಾಳಿಗೆ ಆಶೀರ್ವಾದಗಳು.

ನಾವೆಲ್ಲ ಸುಖವಾಗಿದ್ದೇವೆ. ರೊಟ್ಟಿಗೆ ಹುಬ್ಬಳ್ಳಿಯಿಂದಲೂ ಗಿರಾಕಿ ಬಂದಿದ್ದಾರೆ, ಇನ್ನೊಬ್ಬಳನ್ನು ಕೆಲಸಕ್ಕೆ ಇಟ್ಟುಕೊಂಡಿದ್ದೇನೆ. ಮಗನ ನೆನಪಾಗುವುದು ಸಂಜೆ ತಾಟು ಹಾಕುವಾಗ. ಅದು ಇದ್ದದ್ದೇ, ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಮೊನ್ನೆ ಫೋನಿನಲ್ಲಿ ಅವನ ದನಿ ಸಣ್ಣಗಿತ್ತು. ಈ ತಿಂಗಳು ಕೆಲಸಕ್ಕೆ ಸರಿಯಾಗಿ ಕರೆದಿಲ್ಲ ಎಂದ. ಸುಚಿತ್ರಾ ಏನಾದರೂ ಅಂದಳಾ ಎಂದು ಅವನನ್ನು ಕೇಳಿದೆ. ಇಲ್ಲಬೇ, ಆಕೆ ಏನೂ ಅನ್ನುವುದಿಲ್ಲ, ಅದಕ್ಕೇ ಕಷ್ಟ ಎಂದ. ಆಮೇಲೆ ಸ್ಟೌ ಮೇಲೆ ಹಾಲಿಟ್ಟಿದ್ದೇನೆ ಎಂದು ಫೋನು ಇಟ್ಟುಬಿಟ್ಟ. ಅವತ್ತಿನಿಂದ ನನಗೆ ಸಮಾಧಾನ ಇಲ್ಲ. ಕೂತರೂ ನಿಂತರೂ ಒಂದೇ ವಿಚಾರ. ನೀನು ಅವನನ್ನು ಕರೆಯಲು ಬಂದ ದಿನ ನಾನು ಒಂದು ಕೆಲಸ ಬಾಕಿ ಉಳಿಸಿಬಿಟ್ಟೆ.

ಹೆಣ್ಣು ಕಳಿಸುವ ಮನೆಯವರು, ಕರೆಯಲು ಬಂದವರ ಮುಂದೆ ಕೈಮುಗಿದು ಒಂದು ಮಾತು ಹೇಳುತ್ತಾರೆ. ನನ್ನನ್ನು ಕಳಿಸುವಾಗ ನನ್ನ ತಾಯಿ ಹೇಳಿದ್ದಳು. ನಿರ್ಮಲಾಳನ್ನು ಕಳಿಸುವಾಗ ನಾನು ಹೇಳಿದೆ. ನಿನ್ನನ್ನು ಕಳಿಸುವಾಗ ನಿನ್ನ ತಾಯಿ ನನ್ನ ಎರಡೂ ಕೈ ಹಿಡಿದುಕೊಂಡು ಹೇಳಿದ್ದಳು. ಅವತ್ತು ನಗುವಿನ ಭರದಲ್ಲಿ ಎಲ್ಲವನ್ನೂ ಮಾಡಿದೆ, ಇದೊಂದನ್ನು ಬಿಟ್ಟೆ. ಗಂಡುಮಗನಿಗೆ ಈ ಮಾತು ಯಾಕೆ ಎನ್ನಿಸಿತ್ತು. ಈಗ ಅನ್ನಿಸುತ್ತಿದೆ, ಮಗನಾದರೇನು, ಮಗಳಾದರೇನು, ಬೇರೆಯವರ ಮನೆಗೆ ಬಾಳಲು ಕಳಿಸಿದ ಮೇಲೆ ಹೇಳಲೇಬೇಕು. ಕೈಮುಗಿದಿದ್ದೇನೆ ಎಂದು ತಿಳಿದುಕೊಂಡು ಓದು.

"ಯವ್ವಾ ಸುಚಿತ್ರಾ, ನಮ್ಮ ಹುಡುಗ ಬಾಯಿ ಇಲ್ಲದವ. ಹಸಿವಾದ್ರೂ ಕೇಳಿ ಉಣ್ಣೂದಿಲ್ಲ. ಅಲ್ಲೀ ರೀತಿ ರಿವಾಜು ಗೊತ್ತಿಲ್ಲ, ನೀನ ಕಲಿಸ್ಕೋ. ಏನರ ತಪ್ಪಿದ್ರ ಹೊಟ್ಟ್ಯಾಗ ಹಾಕ್ಕೋ. ನಿನ್ನ ಉಡಿಯಾಗ ಹಾಕೇನಿ."

ಶಾರದವ್ವ